ಜಾಲಿ ತೆಗಿಸಿದ್ರೇನ್ರಿ?

ಬೆಳಗಾವಿಯಲ್ಲಿ ಡೀಸೆಲ್ ಗಾಡಿಯವರು ಇಬ್ಬರು ಸೇರಿದರೆ ಈಗ ಮೊದಲು ಬರುವ ಮಾತು ಮಳೆ-ಬೆಳೆಯದ್ದಲ್ಲ, ಗಡಿ ತಂಟೆಯದ್ದೂ ಅಲ್ಲ. ‘ಜಾಲಿ ತೆಗಿಸಿದ್ರೇನ್ರಿ?’ ಇನ್ನೂ ಇಲ್ಲ ಎಂದಿರೋ, ‘ಅಯ್ಯ, ಯಾಕ?’ ಎಂದು ಮರುಕಪಡುತ್ತಾರೆ. ತೆಗೆಸಿದವರಿಗೆ ಬೇರೆಯದೇ ಗತ್ತು. ಕೇಳದಿದ್ದರೂ ಬಾನೆಟ್ ಎತ್ತಿ ತೋರಿಸುತ್ತಾರೆ. ಅಲ್ಲಿ ಕಾಣುವಂಥದ್ದು ಏನೂ ಇರುವುದಿಲ್ಲ, ಆ ಮಾತು ಬೇರೆ.

ಜಾಲಿ ಅಂದರೆ ಡಿಪಿಎಫ್. ಸೈಲೆನ್ಸರ್ ಕೊಳವೆಯ ದಾರಿಯಲ್ಲಿ ಕೂತ ಡಬ್ಬಿ. ಒಳಗೆ ಸಣ್ಣ ಸಣ್ಣ ತೂತುಗಳ ಪಿಂಗಾಣಿ ಗಟ್ಟಿ. ಹೊಗೆಯಲ್ಲಿನ ಮಸಿಯನ್ನು ಹಿಡಿದಿಟ್ಟು, ಸಾಕಷ್ಟು ಕೂಡಿದ ಮೇಲೆ ಸುಟ್ಟುಹಾಕುವುದು ಅದರ ಕೆಲಸ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಕಡ್ಡಾಯವಾದಾಗ ಇದು ನಮ್ಮ ಡೀಸೆಲ್ ಕಾರುಗಳ ಹೊಟ್ಟೆಯೊಳಗೆ ಬಂದು ಕೂತಿತು. ದೇಶ ಬಿಎಸ್-4ರಿಂದ ಐದನ್ನು ಬಿಟ್ಟು ಸೀದಾ ಆರಕ್ಕೆ ಜಿಗಿದಿತ್ತು. ನಮ್ಮ ಮಂದಿ ಆಟೋ ನಗರದ ಗ್ಯಾರೇಜಿನಲ್ಲಿ ಅರ್ಧ ದಿನ ಕೂತು ಆರರಿಂದ ಮೂರಕ್ಕೆ ಇಳಿದು ಬರುತ್ತಾರೆ.

ಅವರ ತಕರಾರು ಪೂರ್ತಿ ಸುಳ್ಳು ಎನ್ನುವಂತಿಲ್ಲ. ಮಸಿ ಸುಡಬೇಕಾದರೆ ಆ ಡಬ್ಬಿಯೊಳಗೆ ಸುಮಾರು 600 ಡಿಗ್ರಿ ಕಾವು ಏರಬೇಕು, ಗಾಡಿ ಒಂದೇ ಹದದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಬೇಕು. ನಮ್ಮ ಪರಿಚಯದ ಕಾಂಟ್ರ್ಯಾಕ್ಟರ್ ಕಾಕಾ ಅವರ ಎರಡು ಟನ್ ತೂಕದ ಬಿಳಿ ಗಾಡಿ ಓಡುವುದು ಟಿಳಕವಾಡಿಯಿಂದ ಖಡೇಬಜಾರಕ್ಕೆ, ಮೊಸರು ತರಲು. ಸೈಲೆನ್ಸರ್ ಬಿಸಿಯಾಗುವುದರೊಳಗೆ ಮೊಸರು ಮನೆ ಮುಟ್ಟಿರುತ್ತದೆ. ಮಸಿ ಕೂಡುತ್ತದೆ, ಸ್ಟೇರಿಂಗ್ ಎದುರಿನ ಎಚ್ಚರಿಕೆ ದೀಪ ಹತ್ತುತ್ತದೆ, ಗಾಡಿ ತೆವಳತೊಡಗುತ್ತದೆ. ‘ವಾರಕ್ಕೊಮ್ಮೆ ಹೈವೇ ಹಿಡಿದು ಹತ್ತರಗಿ ಟೋಲ್ ತನಕ ಹೋಗಿ ಬರ್ರಿ, ತಾನೇ ಸ್ವಚ್ಛ ಆಕ್ಕೈತಿ’ ಎಂದು ಶೋರೂಮಿನ ಹುಡುಗ ಹೇಳಿದ್ದನಂತೆ. ‘ಸುಮ್ಮ ಸುಮ್ಮನ ಡೀಸೆಲ್ ಸುಟಗೊಂತ ಹೋಗಾಕ ನನಗೇನ ಹುಚ್ಚ?’ ಎಂದರು ಕಾಕಾ. ಆ ಡೀಸೆಲ್ ಉಳಿಸಲು ಗ್ಯಾರೇಜಿಗೆ ಐದಂಕಿ ಎಣಿಸಿ ಬಂದರು.

ಗ್ಯಾರೇಜಿನ ಕೈಚಳಕವನ್ನು ಮಾತ್ರ ಮೆಚ್ಚಲೇಬೇಕು. ಡಬ್ಬಿಯನ್ನು ಬಿಚ್ಚಿ, ಯಾರಿಗೂ ಕಾಣದ ಬದಿಯಲ್ಲಿ ಗ್ರೈಂಡರ್‌ನಿಂದ ಕೊಯ್ದು, ಒಳಗಿನ ಪಿಂಗಾಣಿಯನ್ನು ಸಬ್ಬಲಿನಿಂದ ಕುಟ್ಟಿ ಕುಟ್ಟಿ ಉದುರಿಸುತ್ತಾರೆ. ಆಮೇಲೆ ಖಾಲಿ ಡಬ್ಬಿಗೆ ವೆಲ್ಡಿಂಗ್ ಹೊಡೆದು, ಉಜ್ಜಿ, ಬೆಳ್ಳಿ ಬಣ್ಣ ಬಳಿದು ಮೊದಲಿನ ಜಾಗದಲ್ಲೇ ಕೂರಿಸುತ್ತಾರೆ. ‘ನೋಡ್ರಿ ಕಾಕಾ, ಕಂಪನಿ ಮಾಲ್ ಇದ್ದಂಗ ಐತಿ.’ ಅಷ್ಟರಲ್ಲಿ ಇನ್ನೊಬ್ಬ ಹುಡುಗ ಸ್ಟೇರಿಂಗ್ ಕೆಳಗೆ ಕೇಬಲ್ ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ಗಾಡಿಯ ಕಂಪ್ಯೂಟರಿಗೆ ‘ನಿನಗೆ ಜಾಲಿಯೇ ಇರಲಿಲ್ಲ’ ಎಂದು ಬರೆದುಬಿಡುತ್ತಾನೆ. ಉದುರಿದ ಚೂರನ್ನು ಕಾಕಾ ಕಣ್ಣೆತ್ತಿಯೂ ನೋಡಲಿಲ್ಲ. ‘ಆ ಗುಜರಿ ನೀವ ಇಟಗೋರಿ’ ಎಂದು ದೊಡ್ಡ ಮನಸ್ಸು ಮಾಡಿದರು. ಆ ಗುಜರಿಗೆ ಲೇಪಿಸಿರುವುದು ಪ್ಲಾಟಿನಂ, ಪಲ್ಲಾಡಿಯಂ. ಕಾಕಾ ಹೊರಳಿ ನೋಡುವುದರೊಳಗೆ ಹುಡುಗ ಅದನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿಯಾಗಿತ್ತು.

ಫೋಕ್ಸ್‌ವ್ಯಾಗನ್ ಕಂಪನಿಯವರ ಬಗ್ಗೆ ಪಾಪ ಅನಿಸುತ್ತದೆ. ಪರೀಕ್ಷೆಯ ಹೊತ್ತಿಗೆ ಮಾತ್ರ ಸಭ್ಯ ಹೊಗೆ ಬಿಡುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಗಾಡಿಗಳಲ್ಲಿ ಅಡಗಿಸಿಟ್ಟು 2015ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದರು. ಎಷ್ಟು ಜನ ಎಂಜಿನಿಯರುಗಳ ತಲೆ ಖರ್ಚಾಗಿತ್ತೋ! ಆಟೋ ನಗರಕ್ಕೆ ಬಂದಿದ್ದರೆ ಎರಡು ಚಹಾದಲ್ಲಿ ಮುಗಿಯುತ್ತಿತ್ತು. ಅವರಿಗೆ ಪರೀಕ್ಷೆಯ ಹೊತ್ತಿನಲ್ಲಾದರೂ ನಾಚಿಕೆ ಇತ್ತು.

ಈಗ ಕಾಕಾ ಅವರ ಗಾಡಿ ಹಗುರಾಗಿದೆ. ಸುಳ್ಳಲ್ಲ, ಹೊಗೆಗೆ ಅಡ್ಡಿಯಿಲ್ಲದಿದ್ದರೆ ಟರ್ಬೊ ಸಲೀಸಾಗಿ ತಿರುಗುತ್ತದೆ, ಪಿಕಪ್ ಬರುತ್ತದೆ. ಮಸಿ ಸುಡಲೆಂದು ಹೆಚ್ಚಿಗೆ ಚಿಮ್ಮಿಸುವ ಡೀಸೆಲ್ ಇಳಿದು ಎಂಜಿನ್ ಆಯಿಲ್ ತೆಳ್ಳಗಾಗುವ ಕಾಟವೂ ತಪ್ಪುತ್ತದೆ. ಆದರೆ ಅಷ್ಟು ಬೇಗ ಮಸಿ ಕೂಡುತ್ತಿದ್ದುದು ಮೊಸರಿನ ಓಡಾಟದಿಂದಷ್ಟೇನಾ? ಇಂಜೆಕ್ಟರ್ ಸೋರುತ್ತಿರಬಹುದು. ಟರ್ಬೊ ಸೀಲ್ ಹೋಗಿ ಆಯಿಲ್ ಒಳಗಿಳಿಯುತ್ತಿರಬಹುದು. ಜಾಲಿ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಬೇರೆ ಆಯಿಲ್ ಬೇಕು, ಇವರು ಅಗ್ಗದ್ದು ಹಾಕಿಸಿರಬಹುದು. ಅದನ್ನೆಲ್ಲ ಹೇಳುತ್ತಿದ್ದುದು ಆ ದೀಪವೊಂದೇ. ರಾತ್ರಿಯೆಲ್ಲ ಬೊಗಳುತ್ತದೆಂದು ಮುಧೋಳ ನಾಯಿಯನ್ನು ಮಾರಿದವನಿಗೆ ನಿದ್ದೆ ಚೆನ್ನಾಗಿ ಬಂತು, ಕಳ್ಳ ಹಿತ್ತಲಲ್ಲೇ ಇದ್ದಾನೆ.

ಮುಂದಿನ ಕಥೆ ನಡೆದದ್ದು ಗೋವಾಕ್ಕೆ ಹೊರಟಾಗ. ಸರ್ವಿಸಿಗೆ ಬಿಟ್ಟಿದ್ದ ಗಾಡಿಗೆ ಶೋರೂಮಿನವರು ಹೊಸ ಸಾಫ್ಟ್‌ವೇರ್ ತುಂಬಿ ಕಳಿಸಿದ್ದರು. ಲ್ಯಾಪ್‌ಟಾಪ್ ಹುಡುಗ ಬರೆದಿದ್ದ ಸುಳ್ಳೆಲ್ಲ ಅಳಿಸಿಹೋಗಿ ಗಾಡಿಗೆ ಮರಳಿ ನೆನಪು ಬಂತು. ಚೋರ್ಲಾ ದಾರಿಯ ಏರೊಂದರಲ್ಲಿ ಅದು ತನ್ನ ಜಾಲಿಯನ್ನು ಹುಡುಕಿತು. ಸಿಗಲಿಲ್ಲ. ಇದ್ದಬದ್ದ ದೀಪಗಳನ್ನೆಲ್ಲ ಹಚ್ಚಿಕೊಂಡು, ಎಷ್ಟು ತುಳಿದರೂ ನಡಿಗೆಯ ವೇಗ ಬಿಟ್ಟು ಏಳಲಿಲ್ಲ. ಹಿಂದೆ ಗೋವಾದ ಬಸ್ಸು, ಅದರ ಹಿಂದೆ ತರಕಾರಿ ಟೆಂಪೊಗಳು, ಎಲ್ಲರದೂ ಹಾರ್ನ್. ಕಾಕಾ ಬೈದದ್ದು ಕಂಪನಿಯನ್ನು. ವಾರಂಟಿ ಕೇಳಿದರೆ ಶೋರೂಮಿನವರು ಡಬ್ಬಿಯನ್ನು ಬೆರಳಿನಿಂದ ಟಣ್ಣೆಂದು ಬಾರಿಸಿ, ಟೊಳ್ಳು ಸದ್ದು ಕೇಳಿ, ನಗುತ್ತ ಫೈಲು ಮುಚ್ಚಿದರಂತೆ.

ಲಾರಿಯವರ ಪಾಡು ಇನ್ನೂ ರಸವತ್ತಾಗಿದೆ. ಅವರ ಗಾಡಿಗಳಿಗೆ ಡೀಸೆಲ್ ಜೊತೆ ಡೆಫ್ ನೀರನ್ನೂ ಹಾಕಬೇಕು. ಶುದ್ಧ ಯೂರಿಯಾ 32.5 ಪ್ರತಿಶತ, ಉಳಿದದ್ದು ಖನಿಜವೆಲ್ಲ ತೆಗೆದ ನೀರು. ಅದು ಬಿಸಿ ಹೊಗೆಗೆ ಬಿದ್ದು ನೈಟ್ರೋಜನ್ ಆಕ್ಸೈಡನ್ನು ಮುರಿಯುತ್ತದೆ. ‘ಯೂರಿಯಾ ತಾನ? ಸೊಸಾಯಿಟ್ಯಾಗ ಸಬ್ಸಿಡಿ ಚೀಲ ಸಿಗತೈತಿ’ ಎಂದು ಒಬ್ಬ ಜಾಣ ಮಾಲೀಕ ಬಾಗಲಕೋಟೆ ಕಡೆಯ ತನ್ನ ತೋಟದ ಬೋರ್‌ವೆಲ್ ನೀರಿಗೆ ಗೊಬ್ಬರ ಕಲಸಿ ಟ್ಯಾಂಕಿಗೆ ಸುರಿದ. ಸೊಸಾಯಿಟಿಯ ಗೊಬ್ಬರಕ್ಕೆ 2015ರಿಂದ ಬೇವಿನೆಣ್ಣೆ ಬಳಿದಿರುತ್ತದೆ, ಗೊಬ್ಬರ ಹೊಲ ಬಿಟ್ಟು ಬೇರೆಡೆ ಹೋಗದಿರಲಿ ಎಂಬ ಉದ್ದೇಶವೂ ಅದಕ್ಕಿದೆ. ಬೇವಿನೆಣ್ಣೆ, ಬೋರಿನ ಸುಣ್ಣ, ಗೊಬ್ಬರದ ಹರಳು ಮೂರೂ ಸೇರಿ ನಳಿಗೆಯಲ್ಲಿ ಗಟ್ಟಿ ಕೂತವು. ಬೆಳೆಗೆ ಸಿಗದ ಯೂರಿಯಾ, ಹೊಗೆಗೂ ಸಿಗಲಿಲ್ಲ. ಸರದಿಯಲ್ಲಿ ನಿಂತು ಚೀಲ ಸಿಗದೆ ಮನೆಗೆ ಹೋದ ರೈತನಿಗೆ ಈ ಸುದ್ದಿ ಯಾರೂ ಹೇಳಬೇಡಿ.

ಇಷ್ಟಾದ ಮೇಲೂ ಕಾಕಾ ಬಳಿ ಹೊಗೆ ತಪಾಸಣೆಯ ಪಿಯುಸಿ ಚೀಟಿ ಇದೆ. ಬಿಎಸ್-6 ಗಾಡಿಗೆ ಅದು ಒಂದು ವರ್ಷ ನಡೆಯುತ್ತದೆ. ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಹೊಗೆ ಎಷ್ಟು ದಟ್ಟ ಎಂಬುದನ್ನು ಮಾತ್ರ. ನೈಟ್ರೋಜನ್ ಆಕ್ಸೈಡಿನ ಗೊಡವೆ ಆ ಯಂತ್ರಕ್ಕಿಲ್ಲ. ಹಾಗಾಗಿ ಡೆಫ್ ಬಂದ್ ಮಾಡಿಸಿದವನು, ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್‌ಗೆ ಕಳಿಸುವ ಇಜಿಆರ್ ಮುಚ್ಚಿಸಿದವನು ಎದೆ ಎತ್ತಿ ನಡೆಯಬಹುದು. ಜಾಲಿ ತೆಗೆಸಿದವನಿಗೆ ಸ್ವಲ್ಪ ಕಷ್ಟ, ಆದರೆ ಎಕ್ಸಲರೇಟರನ್ನು ಎಷ್ಟು ತುಳಿಯಬೇಕು ಎನ್ನುವುದು ತುಳಿಯುವವನ ಸೌಜನ್ಯಕ್ಕೆ ಬಿಟ್ಟದ್ದು. ನಂಬರ್ ಪ್ಲೇಟಿನ ಫೋಟೊ ಮಾತ್ರ ಬಹಳ ಸ್ಪಷ್ಟವಾಗಿ ಬರುತ್ತದೆ. ಗಾಡಿಯನ್ನು ಹೀಗೆ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಎಂದು ಮೋಟಾರು ವಾಹನ ಕಾಯ್ದೆಯ 182ಎ ಕಲಮು ಹೇಳುತ್ತದೆ. ಚನ್ನಮ್ಮ ಸರ್ಕಲ್ಲಿನಲ್ಲಿ ಕಾಕಾ ಅವರ ಹೊಗೆ ಮುಖಕ್ಕೆ ಹೊಡೆದಾಗ ಟ್ರಾಫಿಕ್ ಪೊಲೀಸರು ಕನ್ನಡಕದ ಮಸಿ ಒರೆಸಿಕೊಂಡು, ಕೆಮ್ಮಿ, ಚೀಟಿ ಓದಿ, ‘ಸರಿ ಐತ್ರಿ, ಹೋಗ್ರಿ’ ಎಂದರು.

‘ಕಬ್ಬಿನ ಟ್ರ್ಯಾಕ್ಟರ್ ನೋಡ್ರಿ, ಎರಡ ಟ್ರೇಲರ್ ಎಳಕೊಂಡು ಕರೇ ಮೋಡ ಬಿಡತಾವ. ಅವಕ್ಕಿಲ್ಲದ ಜಾಲಿ ನನಗ್ಯಾಕ?’ ಇದು ಕಾಕಾ ಅವರ ಬ್ರಹ್ಮಾಸ್ತ್ರ. ಮಾತಿನಲ್ಲಿ ಹುರುಳಿದೆ. 2023ರ ಜನವರಿಯಲ್ಲಿ ಬಂದ ಬಿಗಿ ನಿಯಮ 50 ಅಶ್ವಶಕ್ತಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗಷ್ಟೇ, ಸಣ್ಣವು ಹಳೆಯ ನಿಯಮದಲ್ಲೇ ಉಳಿದವು. ಹಂಗಾಮಿನಲ್ಲಿ ಗೋಕಾಕ, ಜಮಖಂಡಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಕಾ ಆಗ ಕಿಟಕಿ ಏರಿಸಿ, ಹೊರಗಿನ ಗಾಳಿ ಬರದಂತೆ ಎಸಿಯ ಗುಂಡಿ ಒತ್ತುತ್ತಾರೆ. ಅದೇ ಗಾಡಿಯಲ್ಲಿ ಇನ್ನೊಂದು ಫಿಲ್ಟರ್ ಇದೆ, ಎಸಿ ಗಾಳಿ ಸೋಸಿ ಒಳಗೆ ಕೂತವರ ಮೂಗಿಗೆ ಕೊಡುವುದು. ಅದೂ ಧೂಳು ಕೂಡಿ ಕಟ್ಟುತ್ತದೆ, ಅದಕ್ಕೂ ರೊಕ್ಕ ಬೀಳುತ್ತದೆ. ಕಾಕಾ ಪ್ರತಿ ಸರ್ವಿಸಿನಲ್ಲಿ ಎದುರಿಗೇ ನಿಂತು ಹೊಸದು ಹಾಕಿಸುತ್ತಾರೆ. ಅದನ್ನು ತೆಗೆಸಿದವರು ಬೆಳಗಾವಿಯಲ್ಲಿ ಇನ್ನೂ ಯಾರೂ ಸಿಕ್ಕಿಲ್ಲ.

ಚೋರ್ಲಾ ಪ್ರಕರಣದ ನಂತರ ಕಾಕಾ ಆ ಗಾಡಿಯನ್ನು ಮಾರಿದರು. ಕೊಂಡವನು ‘ಜಾಲಿ ತೆಗಿಸೀರೇನ?’ ಎಂದು ಕೇಳಿ, ಹೌದು ಎಂದ ಮೇಲೆ ಹತ್ತು ಸಾವಿರ ಹೆಚ್ಚಿಗೆ ಕೊಟ್ಟ. ಮೊನ್ನೆ ಹೊಸ ಗಾಡಿ ನೋಡಲು ಶೋರೂಮಿಗೆ ಹೋದರು. ಕುರ್ಚಿಯಲ್ಲಿ ಕೂತು, ತಂದುಕೊಟ್ಟ ಚಹಾ ಮುಗಿಸಿ, ಟೈ ಕಟ್ಟಿದ ಹುಡುಗನನ್ನು ಕೇಳಿದರು, ‘ತಮ್ಮಾ, ಇದರಾಗ ಜಾಲಿ ಇಲ್ಲದ ಮಾಡೆಲ್ ಐತೇನ?’

‘ಇಲ್ರಿ ಕಾಕಾ. ಕಾನೂನೈತಿ, ಎಲ್ಲಾದಕ್ಕೂ ಇರತೈತ್ರಿ.’

‘ಹಂಗಾರ ಜಾಲಿ ನೀವ ಬಿಚ್ಚಿ ಇಟಗೋರಿ. ಅದರ ರೊಕ್ಕ ಮುರದ ಬಿಲ್ ಮಾಡ್ರಿ.’