ಸೋತವರಿಗೆ ದಿನಾ ಒನ್ಸ್ ಮೋರ್

ನಮ್ಮ ಕಂಪನಿ ನಾಟಕಗಳಲ್ಲಿ ಒಂದು ಒಳ್ಳೆ ಪದ್ಧತಿ ಇತ್ತು. ಹಾಡು ಹೇಳುತ್ತಾ ಸತ್ತ ಪಾತ್ರಕ್ಕೆ ಜನ ‘ಒನ್ಸ್ ಮೋರ್’ ಎಂದು ಕೂಗಿದರೆ, ಅದು ಎದ್ದು ಕೂತು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು. ಆದರೆ ಎದ್ದವನು ಮತ್ತೆ ಸಾಯಲೇಬೇಕು ಎಂಬ ಶಿಸ್ತು ಇತ್ತು. ದುರ್ಯೋಧನನಿಗೆ ಎಷ್ಟೇ ಶಿಳ್ಳೆ ಬಿದ್ದರೂ ಕೊನೆಗೆ ತೊಡೆ ಮುರಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಫ್ರಾನ್ಸ್‌ನ ಪಶ್ಚಿಮ ಭಾಗದಲ್ಲಿ ವಾಂದೇ ಎಂಬ ಜಿಲ್ಲೆ ಇದೆ. ಅಲ್ಲಿ ಪ್ವಿ ದು ಫೂ ಎಂಬ ಪಾರ್ಕ್. ಅಲ್ಲಿ ಈ ಶಿಸ್ತು ಇಲ್ಲ. ಒನ್ಸ್ ಮೋರ್ ಅಂದರೆ ಸೋತವರು ಎದ್ದು ಗೆದ್ದೇಬಿಡುತ್ತಾರೆ.

ಅಮ್ಯೂಸ್‌ಮೆಂಟ್ ಪಾರ್ಕ್ ಅಂದ ಮೇಲೆ ಜೈಂಟ್ ವೀಲ್, ರೋಲರ್ ಕೋಸ್ಟರ್ ಇರಬೇಕು ಅಲ್ವಾ? ಇಲ್ಲಿ ಅವು ಇಲ್ಲ. ತಲೆ ತಿರುಗಿಸುವ ಕೆಲಸವನ್ನು ಇತಿಹಾಸವೇ ಮಾಡುತ್ತದೆ. 1978ರಲ್ಲಿ ಒಂದು ಪಾಳು ಕೋಟೆಯ ಮುಂದೆ ರಾತ್ರಿ ನಾಟಕವಾಗಿ ಶುರುವಾದದ್ದು, 1989ರಲ್ಲಿ ಹಗಲಿನ ಪಾರ್ಕ್ ಕೂಡ ಆಯಿತು. ಈಗ ವರ್ಷಕ್ಕೆ 20 ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ.

ಮೊದಲು ರೋಮನ್ ಅಖಾಡ. ರಥ ಓಡುತ್ತದೆ, ಹುಲಿ ಸಿಂಹ ಬರುತ್ತವೆ. ಕಾಲ ಮೂರನೇ ಶತಮಾನವಂತೆ. ಸೆರೆ ಸಿಕ್ಕ ಗಾಲ್ ಜನ, ಅಂದರೆ ಫ್ರೆಂಚರು ‘ನಮ್ಮ ಪೂರ್ವಜರು’ ಎಂದು ಹೆಮ್ಮೆಪಡುವವರು, ಜೀವ ಉಳಿಸಿಕೊಳ್ಳಲು ಆಟ ಗೆಲ್ಲಬೇಕು. ಗೆಲ್ಲುತ್ತಾರೆ. ಮಧ್ಯಾಹ್ನದ ಶೋಗೆ ಬನ್ನಿ, ಮತ್ತೆ ಗೆಲ್ಲುತ್ತಾರೆ.

ನಿಜದಲ್ಲಿ ಗಾಲ್ ಜನ ಸೀಸರನಿಗೆ ಸೋತದ್ದು ಕ್ರಿಸ್ತಪೂರ್ವ 52ರಲ್ಲಿ, ಅಲೇಸಿಯಾದಲ್ಲಿ. ಆಮೇಲೆ ಅವರು ಸುಮ್ನೆ ಅಳುತ್ತಾ ಕೂರಲಿಲ್ಲ. ರೋಮನ್ ರಸ್ತೆ, ರೋಮನ್ ಸ್ನಾನದಮನೆ, ರೋಮನ್ ಹೆಸರು ಎಲ್ಲ ತಮ್ಮದು ಮಾಡಿಕೊಂಡರು. ಕ್ರಿಸ್ತಶಕ 212ರಲ್ಲಿ ಚಕ್ರವರ್ತಿ ಕಾರಕಲ್ಲ ಸಾಮ್ರಾಜ್ಯದ ಸ್ವತಂತ್ರ ಪ್ರಜೆಗಳಿಗೆಲ್ಲ ರೋಮನ್ ಪೌರತ್ವ ಕೊಟ್ಟೂ ಬಿಟ್ಟ. ಆದ್ದರಿಂದ ಮೂರನೇ ಶತಮಾನದಲ್ಲಿ ಗಾಲರಿಗೂ ರೋಮನ್ನರಿಗೂ ಕುಸ್ತಿ ಇಡುವುದು, ಮಂಡ್ಯದವರಿಗೂ ಕರ್ನಾಟಕದವರಿಗೂ ಕುಸ್ತಿ ಇಟ್ಟ ಹಾಗೆ. ಯಾರು ಗೆದ್ದರೂ ರೇಷನ್ ಕಾರ್ಡ್ ಒಂದೇ.

ಮುಂದೆ ವೈಕಿಂಗರು, ಅಂದರೆ ಉತ್ತರದಿಂದ ಹಡಗಲ್ಲಿ ಬಂದು ಲೂಟಿ ಮಾಡುತ್ತಿದ್ದವರು. ಕೊಳದ ನೀರೊಳಗಿಂದ ಅವರ ಹಡಗು ಎದ್ದು ಬರುತ್ತದೆ. ಇದನ್ನು ವಿಡಿಯೋದಲ್ಲಿ ನೋಡಿ ನಾನೂ ಬಾಯಿ ಬಿಟ್ಟಿದ್ದೇನೆ, ಸುಳ್ಳು ಹೇಳಬಾರದು. ಇನ್ನೊಂದು ಶೋನಲ್ಲಿ ಕೋಟೆಯ ಗೋಡೆಗಳೇ ಜರುಗುತ್ತವೆ. ಮತ್ತೊಂದರಲ್ಲಿ ಕೂತ ಪ್ರೇಕ್ಷಕರೇ ಸೀಟಿನ ಸಮೇತ ತಿರುಗುತ್ತಾರೆ. ಆ ತಿರುಗುವ ಶೋ ಶಾರೆತ್ ಎಂಬ ಸೇನಾಧಿಕಾರಿಯ ಕಥೆ. ಫ್ರೆಂಚ್ ಕ್ರಾಂತಿಯ ವಿರುದ್ಧ ವಾಂದೇ ಜನ ದಂಗೆ ಎದ್ದಾಗ ಅವರ ಮುಂದಾಳುಗಳಲ್ಲಿ ಒಬ್ಬ. 1796ರಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಕ್ರಾಂತಿಯ ಸೈನ್ಯ ಆ ಜಿಲ್ಲೆಯಲ್ಲಿ ಮಾಡಿದ ಕೊಲೆ, ಸುಲಿಗೆ ಸಣ್ಣದಲ್ಲ. ಈ ಪಾರ್ಕಿನ ಕೋಟೆಯನ್ನೂ 1794ರಲ್ಲಿ ಸುಟ್ಟರು. ನೋವು ನಿಜವಾದದ್ದೇ. ಆದರೆ ಇಲ್ಲಿ ರಾಜರು ಒಳ್ಳೆಯವರು, ಪಾದ್ರಿಗಳು ಒಳ್ಳೆಯವರು, ರೈತರು ದೇವರಂಥವರು. ಹಾಗಾದರೆ ಇಂಥ ಸ್ವರ್ಗದಲ್ಲಿ ಕ್ರಾಂತಿ ಯಾಕಾಯಿತು? ಆ ಪ್ರಶ್ನೆ ಬರುವಷ್ಟರಲ್ಲಿ ಸೀಟು ಇನ್ನೊಂದು ಕಡೆ ತಿರುಗಿರುತ್ತದೆ.

ವರ್ದನ್ ಕಂದಕ ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮೊದಲ ಮಹಾಯುದ್ಧದ ಆ ಕದನ 1916ರಲ್ಲಿ ಹತ್ತು ತಿಂಗಳು ನಡೆಯಿತು. ಎರಡೂ ಕಡೆ ಸೇರಿ ಸುಮಾರು 3 ಲಕ್ಷ ಜನ ಸತ್ತರು. ಪಾರ್ಕಿನಲ್ಲಿ ಅದೊಂದು ನಡೆದು ನೋಡುವ ಸುರಂಗ. ಕತ್ತಲೆ, ಸಿಡಿಮದ್ದಿನ ಸದ್ದು, ಮಧ್ಯೆ ಮಧ್ಯೆ ಒಬ್ಬ ಸೈನಿಕನ ಪ್ರೇಮಪತ್ರ. ಬೇಸಿಗೆ ರಜೆಯಲ್ಲಿ ಬಂದವರು ಚಡ್ಡಿ ತೊಟ್ಟು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಒಳಗೆ ಹೋಗುತ್ತಾರೆ. ಕೈಕಾಲು ಎಲ್ಲ ಸರಿಯಾಗಿಯೇ ಇಟ್ಟುಕೊಂಡು ಹೊರಗೆ ಬಂದು, ಮುಂದಿನ ಶೋ ಎಷ್ಟು ಗಂಟೆಗೆ ಎಂದು ನೋಡುತ್ತಾರೆ.

2022ರಲ್ಲಿ ಫ್ರಾನ್ಸ್‌ನ ನಾಲ್ವರು ಇತಿಹಾಸಕಾರರು ಈ ಪಾರ್ಕಿನ ತಪ್ಪುಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಪಾರ್ಕಿನವರ ಉತ್ತರ ಗೊತ್ತೇ ಇದೆ: ನಾವು ಕಲಾವಿದರು, ಇದು ಪಾಠವಲ್ಲ, ಆಟ.

ಸರಿ, ಒಪ್ಪೋಣ. ಆಟಕ್ಕೆ ರಟ್ಟಿನ ಗದೆ ಸಾಕು. ಭೀಮನ ಅಸಲಿ ಗದೆ ಬೇಕು ಎಂದು ನಮ್ಮ ಯಾವ ನಾಟಕ ಕಂಪನಿಯ ಮಾಲೀಕರೂ ಹರಾಜಿಗೆ ಹೋದವರಲ್ಲ. ಇವರು ಹೋದರು! 2016ರಲ್ಲಿ ಲಂಡನ್ನಿನಲ್ಲಿ ಒಂದು ಉಂಗುರ ಹರಾಜಿಗೆ ಬಂತು. ಇಂಗ್ಲಿಷರ ವಿರುದ್ಧ ಫ್ರೆಂಚ್ ಸೈನ್ಯವನ್ನು ಮುನ್ನಡೆಸಿದ ಹುಡುಗಿ ಜೋನ್ ಆಫ್ ಆರ್ಕ್ ಬೆರಳಲ್ಲಿ ಇದ್ದದ್ದು ಎಂದು ಹೇಳಿಕೆ. ಹೌದೋ ಅಲ್ಲವೋ ಎಂದು ಪಂಡಿತರ ಜಗಳ ಮುಗಿದಿಲ್ಲ. ಪಾರ್ಕಿನವರು 3 ಲಕ್ಷ 76 ಸಾವಿರ ಯೂರೋಗೂ ಜಾಸ್ತಿ ಕೊಟ್ಟು ತಂದರು. ಸಾವಿರಾರು ಜನ ಸೇರಿಸಿ, ರಾಜನನ್ನು ಬರಮಾಡಿಕೊಂಡ ಹಾಗೆ ಮೆರವಣಿಗೆ ಮಾಡಿದರು. ಅಷ್ಟರಲ್ಲಿ ಬ್ರಿಟಿಷ್ ಅಧಿಕಾರಿಗಳು ‘ಹೊರದೇಶಕ್ಕೆ ಒಯ್ಯಲು ಪರ್ಮಿಟ್ ಎಲ್ಲಿ?’ ಎಂದು ಕೇಳಿದರು. 1431ರಲ್ಲಿ ಆ ಹುಡುಗಿಯನ್ನು ಸುಡಿಸಿದವರು ಇಂಗ್ಲಿಷರು, 2016ರಲ್ಲಿ ಆಕೆಯ ಉಂಗುರಕ್ಕೆ ಕಾಗದಪತ್ರ ಕೇಳಿದವರೂ ಇಂಗ್ಲಿಷರು. ಇಷ್ಟು ಚೆನ್ನಾದ ದೃಶ್ಯ ಪಾರ್ಕಿನ ಯಾವ ಶೋನಲ್ಲೂ ಇಲ್ಲ. ಕೊನೆಗೆ ಉಂಗುರ ಫ್ರಾನ್ಸ್‌ನಲ್ಲೇ ಉಳಿಯಿತು.

ಪಾರ್ಕ್ ಕಟ್ಟಿದ ಫಿಲಿಪ್ ದ ವಿಲಿಯೇ ರಾಜಕಾರಣಿ, ಗಟ್ಟಿ ಬಲಪಂಥದವರು. 1995ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಶೇ 4.74 ಮತ ಪಡೆದರು. 2007ರಲ್ಲಿ ಒನ್ಸ್ ಮೋರ್ ಎಂದು ಮತ್ತೆ ನಿಂತರು, ಶೇ 2.23 ಬಂತು. ಅಖಾಡದಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆಯುವ ಜನ ಮತಗಟ್ಟೆಯಲ್ಲಿ ಬೇರೆಯೇ ಸ್ಕ್ರಿಪ್ಟ್ ಓದುತ್ತಾರೆ.

ಹಾಗಂತ ಇದು ಬರೀ ಬಲಪಂಥದವರ ಜಾತ್ರೆ ಅಂದುಕೊಳ್ಳಬೇಡಿ. 2016ರ ಆಗಸ್ಟ್‌ನಲ್ಲಿ ಸೋಷಲಿಸ್ಟ್ ಸರ್ಕಾರದ ಒಬ್ಬ ಯುವ ಮಂತ್ರಿ ಬಂದರು. ಕ್ರಾಂತಿಯನ್ನು ಬೈಯುವ ಪಾರ್ಕಿಗೆ, ಕ್ರಾಂತಿಯಿಂದ ಹುಟ್ಟಿದ ಗಣರಾಜ್ಯದ ಮಂತ್ರಿ! ಪತ್ರಕರ್ತರು ಕೇಳಿದಾಗ ‘ಪ್ರಾಮಾಣಿಕವಾಗಿ ಹೇಳುವುದಾದರೆ ನಾನು ಸೋಷಲಿಸ್ಟ್ ಅಲ್ಲ’ ಎಂದುಬಿಟ್ಟರು. ಎಲ್ಲರೂ ವೇಷ ಹಾಕುವ ಜಾಗದಲ್ಲಿ ವೇಷ ಕಳಚಿದವರು ಅವರೊಬ್ಬರೇ. ಹೆಸರು ಇಮ್ಯಾನುಯೆಲ್ ಮ್ಯಾಕ್ರಾನ್. ಮುಂದಿನ ವರ್ಷ ಅಧ್ಯಕ್ಷರಾದರು.

ವ್ಯಾಪಾರ ಈಗ ಗಡಿ ದಾಟಿದೆ. 2021ರಲ್ಲಿ ಸ್ಪೇನಿನ ತೊಲೆದೊದಲ್ಲಿ ಇವರದೇ ಪಾರ್ಕ್ ತೆರೆಯಿತು. ಅಲ್ಲಿ ವೀರರು ಸ್ಪೇನಿನವರು. ಇಂಗ್ಲೆಂಡಿನಲ್ಲೂ ಒಂದು ಕಟ್ಟುವ ಯೋಜನೆ ಇದೆ. ಅಲ್ಲಿ ಜೋನ್ ಯಾವ ಪಾತ್ರ ಮಾಡುತ್ತಾಳೋ ನೋಡಬೇಕು.

ಇಷ್ಟೆಲ್ಲದರ ನಡುವೆ ನನಗೆ ಇಷ್ಟವಾದ ಕಲಾವಿದರು ಆರು ಜನ. 2018ರಲ್ಲಿ ಪಾರ್ಕಿಗೆ ಕೆಲಸಕ್ಕೆ ಸೇರಿದ ಆರು ಕಾಗೆಗಳು. ಜನ ಬಿಸಾಡಿದ ಸಿಗರೇಟ್ ತುಂಡು, ಕಾಗದದ ಚೂರು ಆರಿಸಿ ಒಂದು ಪೆಟ್ಟಿಗೆಗೆ ಹಾಕಬೇಕು. ಹಾಕಿದ ಕೂಡಲೇ ಪೆಟ್ಟಿಗೆ ತಿಂಡಿ ಕೊಡುತ್ತದೆ. ರಾತ್ರಿ ನಾಟಕದಲ್ಲಿ ಕುಣಿಯುವ ಎರಡು ಸಾವಿರಕ್ಕೂ ಜಾಸ್ತಿ ಸ್ಥಳೀಯರು ಸಂಬಳವಿಲ್ಲದ ಸ್ವಯಂಸೇವಕರು. ಕಾಗೆಗಳಿಗೆ ಮಾತ್ರ ತುಂಡಿನ ಲೆಕ್ಕದಲ್ಲಿ ಕೂಲಿ.

ನಮ್ಮಲ್ಲಿ ಪಿತೃಪಕ್ಷಕ್ಕೆ ಎಡೆ ಇಟ್ಟು, ಕಾಗೆ ಮುಟ್ಟುವ ತನಕ ಕಾಯುತ್ತೇವೆ. ಕಾಗೆ ಬಂದರೆ ಹಿರಿಯರು ಬಂದ ಹಾಗೆ. ಪ್ವಿ ದು ಫೂನಲ್ಲಿ ಜನ ಪೂರ್ವಜರನ್ನು ನೋಡಲು ಟಿಕೆಟ್ ಹಿಡಿದು ಅಖಾಡದ ಕಡೆ ಓಡುತ್ತಾರೆ. ಪೂರ್ವಜರು ಹಿಂದೆ ಉಳಿದು, ಅವರು ಬಿಸಾಡಿದ ಸಿಗರೇಟ್ ತುಂಡು ಹೆಕ್ಕುತ್ತಿರುತ್ತಾರೆ.