ಪ್ಯಾಕ್‌ನ್ಯೂ ತೆರೆಯದವರ ದೂರು

ಆರ್ಚ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾಡಿದರೆ ಸಾಕು, ಏನಾದರೊಂದು ಕೆಡುತ್ತದೆ ಎಂಬ ಗೊಣಗಾಟವನ್ನು ಇವತ್ತು ಮತ್ತೆ ಕೇಳಬೇಕಾಯಿತು. ಪರಿಚಯದ ಹುಡುಗನೊಬ್ಬ ಬಹುಕಾಲ ಮೂಲೆಯಲ್ಲಿಟ್ಟಿದ್ದ ಲ್ಯಾಪ್‌ಟಾಪ್ ತೆರೆದು, ಆರ್ಚ್‌ನಲ್ಲಿ ತಂತ್ರಾಂಶ ಹಾಕುವ, ಅಪ್‌ಡೇಟ್ ಮಾಡುವ ಪ್ಯಾಕ್‌ಮನ್ ಓಡಿಸಿದ್ದಾನೆ. ಕಮ್ಯೂನಿಟಿ ಎಂಬ ರೆಪೊಸಿಟರಿ, ಅಂದರೆ ಪ್ಯಾಕೇಜುಗಳ ಉಗ್ರಾಣ, ಸಿಗುತ್ತಿಲ್ಲವೆಂದು ಅದು ಎರರ್ ಕೊಟ್ಟಿದೆ. "ಸರ್, ಹೇಳದೆ ಕೇಳದೆ ತೆಗೆದುಬಿಟ್ಟಿದ್ದಾರೆ" ಎಂದ. ನನ್ನ ಪಿತ್ತ ನೆತ್ತಿಗೇರಿದ್ದು ಅಲ್ಲಿಯೇ.

ಹೇಳಿದ್ದರು. 2023ರ ಮೇ ತಿಂಗಳಲ್ಲಿ ಆರ್ಚ್ ತಂಡವು ತನ್ನ ಪ್ಯಾಕೇಜ್ ಮೂಲಗಳನ್ನು ಗಿಟ್ ಎಂಬ ಆವೃತ್ತಿ ನಿರ್ವಹಣಾ ವ್ಯವಸ್ಥೆಗೆ ಸಾಗಿಸಿದಾಗಲೇ ಕಮ್ಯೂನಿಟಿಯನ್ನು ಎಕ್ಸ್‌ಟ್ರಾ ಎಂಬ ಇನ್ನೊಂದು ಉಗ್ರಾಣದಲ್ಲಿ ವಿಲೀನಗೊಳಿಸಿತು. ಹಳಬರ ಯಂತ್ರಗಳು ತಕ್ಷಣ ಮುಗ್ಗರಿಸಬಾರದೆಂದು ಖಾಲಿ ಕಮ್ಯೂನಿಟಿಯನ್ನು 2025ರ ಮಾರ್ಚ್ 1ರವರೆಗೂ ಉಳಿಸಿಕೊಂಡಿತು. ಈ ಬದಲಾವಣೆಗೆ ಹೊಂದುವ ಪ್ಯಾಕ್‌ಮನ್‌ನ ಹೊಸ ಕಾನ್ಫಿಗ್ (ಸೆಟ್ಟಿಂಗ್‌ಗಳ) ಕಡತ ಇವನ ಯಂತ್ರದ ಇಟಿಸಿ ಡೈರೆಕ್ಟರಿಯಲ್ಲಿ .ಪ್ಯಾಕ್‌ನ್ಯೂ ಎಂಬ ಬಾಲ ಹೊತ್ತು ಕುಳಿತೇ ಇತ್ತು. ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ತೆರೆದು ತೋರಿಸಿದೆ. ಬಣ್ಣ ಬರಲೆಂದು ಇವನು ಚಾಲೂ ಮಾಡಿಕೊಂಡಿದ್ದ ಒಂದು ಸಾಲನ್ನು ಬಿಟ್ಟರೆ, ಚಾಲೂ ಇದ್ದ ಸಾಲುಗಳಲ್ಲಿ ವ್ಯತ್ಯಾಸವಿದ್ದದ್ದು ಕಮ್ಯೂನಿಟಿ ಎಂಬ ತಲೆಸಾಲು ಮತ್ತು ಅದರಡಿಯ, ಡೌನ್‌ಲೋಡ್ ಸರ್ವರ್‌ಗಳ ಪಟ್ಟಿಯನ್ನು ಸೂಚಿಸುವ ಮಿರರ್‌ಲಿಸ್ಟ್ ಸಾಲಿನಲ್ಲಿ ಮಾತ್ರ. ಅಳಿಸಬೇಕಾಗಿದ್ದುದು ಆ ಎರಡೇ ಸಾಲು.

ಪ್ಯಾಕ್‌ಮನ್ ಇಲ್ಲಿ ತೋರುವ ಸೌಜನ್ಯ ಯಾರಿಗೂ ಕಾಣುವುದಿಲ್ಲ. ಹಳೆಯ ಪ್ಯಾಕೇಜಿನಲ್ಲಿದ್ದ ಕಡತ, ಈಗ ಡಿಸ್ಕ್‌ನಲ್ಲಿರುವುದು, ಹೊಸದಾಗಿ ಬಂದಿರುವುದು, ಈ ಮೂರರ ಚೆಕ್‌ಸಮ್‌ಗಳನ್ನು, ಅಂದರೆ ಕಡತದ ಪಠ್ಯದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆಗಳನ್ನು, ಅದು ಹೋಲಿಸುತ್ತದೆ. ನೀವು ಮುಟ್ಟದಿದ್ದರೆ ಹೊಸದನ್ನು ಸದ್ದಿಲ್ಲದೆ ಹಾಕುತ್ತದೆ. ಮೂರೂ ಬೇರೆ ಬೇರೆಯಾಗಿದ್ದರೆ ನಿಮ್ಮದನ್ನು ಹಾಗೆಯೇ ಬಿಟ್ಟು ಹೊಸದನ್ನು ಪಕ್ಕದಲ್ಲಿಟ್ಟು, ಇಟ್ಟಿದ್ದೇನೆಂದು ತಿಳಿಸುತ್ತದೆ. ತಿಳಿಸಿದ್ದನ್ನು ಓದುವ ಪುರುಸೊತ್ತು ನಮಗಿಲ್ಲ, ಬಯ್ಯುವುದಕ್ಕೆ ಮಾತ್ರ ಬೇಕಾದಷ್ಟಿದೆ.

ಎರಡು ಕಡತಗಳನ್ನೂ ಪ್ಯಾಕ್‌ಮನ್ ತಾನೇ ಕೂಡಿಸಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಅದರ ಬಳಿ ಉಳಿದಿರುವುದು ಹಳೆಯ ಕಡತದ ಚೆಕ್‌ಸಮ್, ಪಠ್ಯವಲ್ಲ. ಪಠ್ಯವಿದ್ದರೂ ನಿಮ್ಮ ಮನಸ್ಸಿನಲ್ಲಿರುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಅಪ್‌ಡೇಟ್‌ನ ನಡುವೆ ನಿಂತು ಯಾವುದು ಬೇಕೆಂದು ಕೇಳುತ್ತದಲ್ಲ ಎನ್ನುವುದು ಇನ್ನೊಂದು ವಾದ. ಕೇಳುತ್ತದೆ, ನಿಜ. ಎಂಟರ್ ಒತ್ತಿದರೆ ಅಲ್ಲಿಯೂ ಹಳೆಯದೇ ಉಳಿದು, ಹೊಸದು .ಡಿಪಿಕೆಜಿ-ಡಿಸ್ಟ್ ಆಗಿ ಪಕ್ಕಕ್ಕೆ ಸರಿಯುತ್ತದೆ. ಎಂಟರ್ ಒತ್ತದೆ ಓದಿದವರನ್ನು ನಾನಂತೂ ಹೆಚ್ಚು ಕಂಡಿಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪಂಗಡವಿದೆ, ಅದು ಹೆಚ್ಚು ಅಪಾಯಕಾರಿ. ಪ್ಯಾಕ್‌ಮನ್-ಕಾಂಟ್ರಿಬ್ ಎಂಬ ಪ್ಯಾಕೇಜ್ ಹಾಕಿಕೊಂಡು, ಅದರಲ್ಲಿ ಬರುವ, ಪ್ಯಾಕ್‌ನ್ಯೂಗಳನ್ನು ಹುಡುಕಿ ತೋರಿಸುವ ಪ್ಯಾಕ್‌ಡಿಫ್ ಓಡಿಸಿ, ಕಂಡದ್ದಕ್ಕೆಲ್ಲ ಓವರ್‌ರೈಟ್ (ಹಳೆಯದರ ಜಾಗಕ್ಕೆ ಹೊಸದನ್ನು ಹಾಕು) ಎನ್ನುವ ಶೂರರು ಇವರು. ಬಳಕೆದಾರರ ಖಾತೆಗಳ ಪಟ್ಟಿಯಿರುವ ಪಾಸ್‌ವರ್ಡ್ ಕಡತದ ಪ್ಯಾಕ್‌ನ್ಯೂಗೂ ಹಾಗೆಯೇ ಮಾಡಿದರೆ ಅದರಲ್ಲಿ ಸಿಸ್ಟಮ್ ಖಾತೆಗಳಷ್ಟೇ ಇರುತ್ತವೆ, ನಿಮ್ಮ ಖಾತೆ ಇರುವುದಿಲ್ಲ; ಮುಂದಿನ ಸಲ ಲಾಗಿನ್ ಆಗುವಾಗ ಜ್ಞಾನೋದಯವಾಗುತ್ತದೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಈ ಹೋಲಿಕೆಯ ಕೆಲಸ ಬಹಳ ಇಷ್ಟ. ವಿಮ್ ಎಂಬ ಎಡಿಟರ್‌ನ ಎರಡು ಕಿಟಕಿಗಳಲ್ಲಿ ಬದಲಾದ ಸಾಲುಗಳು ಬಣ್ಣ ಹೊತ್ತು ಎದುರುಬದುರಾಗಿ ನಿಂತಾಗ, ಆ ತಂತ್ರಾಂಶವನ್ನು ಬರೆದವರು ಈಚೆಗೆ ಏನು ಯೋಚಿಸುತ್ತಿದ್ದಾರೆಂಬುದು ತಿಳಿಯುತ್ತದೆ. ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ, ಇರಲಿ.

ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, ಇಷ್ಟೆಲ್ಲ ರಗಳೆ ಯಾಕೆ ಸರ್, ಫೆಡೋರಾ ಲಿನಕ್ಸ್‌ಗೆ ಹೋಗುತ್ತೇನೆ ಎಂದ. ಹೋಗಲಿ. ಅಲ್ಲಿ ಪ್ಯಾಕ್‌ನ್ಯೂವಿನ ಹೆಸರು .ಆರ್‌ಪಿಎಂನ್ಯೂ.