ಒಪ್ಪಿಕೊಂಡ ಮಾತ್ರಕ್ಕೆ ಮುಗೀತಾ?

'ಪಾಪವನ್ನು ಒಪ್ಪಿಕೊಂಡ ಆ ಕ್ಷಣವೇ ಮನುಷ್ಯ ಹೊಸಬನಾಗುತ್ತಾನೆ' ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಕ್ಷಮೆ ಆ ಕ್ಷಣವೇ ಸಿಗುತ್ತದೆ, ಅದನ್ನು ನಾನೂ ನಂಬುತ್ತೇನೆ. ಆದರೆ ಹೊಸಬನಾಗುವುದು ಅಷ್ಟು ಬೇಗ ಆಗಲ್ಲ ಸಾರ್. ನಾನು ಆಟೋ ಓಡಿಸುವವನು. ಭಾನುವಾರ ಶಿವಾಜಿನಗರದ ಚರ್ಚಿನಲ್ಲಿ ಮೊಣಕಾಲೂರಿ ಅತ್ತು, ಪಾದ್ರಿಗಳ ಹತ್ತಿರ ಎಲ್ಲ ಹೇಳಿಕೊಂಡು ಹಗುರಾಗಿ ಬಂದವನು, ಸೋಮವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ದೊಡ್ಡ ಲಗೇಜ್ ಹಿಡಿದು ನಿಂತಿದ್ದ ಒಬ್ಬ ಅಜ್ಜಿಗೆ 'ಒಂದೂವರೆ ಮೀಟರ್ ಕೊಡಿ' ಅಂದುಬಿಟ್ಟೆ. ಬಾಯಿಗೆ ಅಷ್ಟು ರೂಢಿಯಾಗಿತ್ತು!

ಬೈಬಲಿನ ಲೂಕ 19ರಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯ ಸುಮ್ನೆ 'ತಪ್ಪಾಯ್ತು' ಅಂದು ಕೂರಲಿಲ್ಲ, ಅಲ್ವಾ? ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಬೈಬಲಿನದೇ ಅರಣ್ಯಕಾಂಡ 5ರ ಪ್ರಕಾರ ತಪ್ಪು ಒಪ್ಪಿಕೊಂಡವನು ತೆಗೆದುಕೊಂಡದ್ದರ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕೊಂದವನಿಗೆ ವಿಮೋಚನಕಾಂಡ 22 ಹೇಳುವ ಲೆಕ್ಕ. ಅಂದರೆ ಜಕ್ಕಾಯ ತನ್ನನ್ನು ತಾನೇ ಕಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡ. ನಿಮ್ಮ ಲೇಖನದಲ್ಲಿ ಅವನು ಯೇಸುವನ್ನು ನೋಡಲು ಮರ ಹತ್ತಿದ ಕಥೆ ಇದೆ, ದುಡ್ಡಿನ ಮಾತೇ ಇಲ್ಲ.

ನನ್ನ ಕಷ್ಟ ಬೇರೆ. ನಾನು ಜಾಸ್ತಿ ಕಿತ್ತುಕೊಂಡವರ ಮುಖ ಕೂಡ ನೆನಪಿಲ್ಲ, ಯಾರಿಗೆ ವಾಪಸ್ ಕೊಡಲಿ? ಈಗ ಮೀಟರ್ ಮೇಲೆ ಒಂದು ರೂಪಾಯಿ ಕೇಳಲ್ಲ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ವಯಸ್ಸಾದವರನ್ನು ಬಾಡಿಗೆ ಇಲ್ಲದೆ ಬಿಟ್ಟು ಬರುತ್ತೇನೆ. ಮಳೆ ಬಂದ ಸಂಜೆ ಮಾತ್ರ ಇನ್ನೂ ನಾಲಿಗೆ ತುರಿಸುತ್ತದೆ.